ದೆವ್ವದ ಕೇಸಿಗೆ ಮೌಸ್ ಹಿಡಿದ ಪತ್ತೇದಾರ

1990ರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ಬಾಗಿಲ ಮೇಲೆ ಎರಡು ಪದ ಕಾಣುತ್ತಿತ್ತು: ‘ನಾಳೆ ಬಾ’. ರಾತ್ರಿ ಹೆಣ್ಣು ದೆವ್ವವೊಂದು ಬೀದಿ ಸುತ್ತುತ್ತದೆ, ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ, ಬಾಗಿಲು ತೆರೆದವರ ಕಥೆ ಮುಗಿದಂತೆಯೇ ಎಂಬ ವದಂತಿ ಮನೆಯಿಂದ ಮನೆಗೆ ಹಬ್ಬಿತ್ತು. ಬಾಗಿಲ ಬರಹ ಓದಿದ ದೆವ್ವ ಹೊರಟುಹೋಗುತ್ತದೆ, ಮರುರಾತ್ರಿ ಬಂದು ಮತ್ತೆ ಅದನ್ನೇ ಓದಿ ಮತ್ತೆ ಹೋಗುತ್ತದೆ ಎಂಬುದು ಜನ ಕಂಡುಕೊಂಡ ಉಪಾಯ. 2018ರ ಹಿಂದಿ ಚಿತ್ರ ‘ಸ್ತ್ರೀ’ ಇದೇ ವದಂತಿಯನ್ನು ಮಧ್ಯಪ್ರದೇಶದ ಚಂದೇರಿಗೆ ಒಯ್ದು ನಗಿಸಿತು, ಹೆದರಿಸಿತು.

ಆ ದನಿಯನ್ನು ಮೊದಲು ಕೇಳಿದವರು ಯಾರು? ಬಾಗಿಲ ಮೇಲೆ ಮೊದಲು ಬರೆದವರು ಯಾರು? ಬೀದಿಯ ಆಚೆ ತುದಿಯ ಮನೆಯವರು ಹೇಳುವುದಕ್ಕೂ ಈಚೆ ತುದಿಯವರು ಹೇಳುವುದಕ್ಕೂ ತಾಳೆ ಆಗುತ್ತದೆಯೇ? ಹೀಗೆ ಕೆದಕುವ ಸ್ವಭಾವ ಇರುವವರಿಗಾಗಿಯೇ ಕಂಪ್ಯೂಟರ್ ಆಟಗಳಲ್ಲಿ ಒಂದು ಪ್ರಕಾರವಿದೆ. ಪಾಯಿಂಟ್ ಅಂಡ್ ಕ್ಲಿಕ್ ಅಡ್ವೆಂಚರ್ ಎಂದು ಅದರ ಹೆಸರು. ಅದರಲ್ಲೂ ದೆವ್ವ, ಮಾಟ, ಶಾಪ, ವಿಚಿತ್ರ ಪ್ರಾಣಿಗಳ ಕೇಸುಗಳನ್ನು ಒಂದರ ಹಿಂದೊಂದು ಬಿಡಿಸುತ್ತ ಹೋಗುವ ಸರಣಿಗಳಿಗೆ ಮೂರು ದಶಕಗಳ ಇತಿಹಾಸವಿದೆ. ಗುಂಡು ಹಾರಿಸುವ ಆಟಗಳು ಒಗ್ಗದವರು, ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಾದಂಬರಿಗಳನ್ನು ಓದಿಕೊಂಡು ಬೆಳೆದವರು, ‘ರಂಗಿತರಂಗ’ ಅಥವಾ ‘ಯು ಟರ್ನ್’ ನೋಡುವಾಗ ಮಧ್ಯಂತರದಲ್ಲೇ ಅಪರಾಧಿ ಯಾರೆಂದು ಪಕ್ಕದವರೊಂದಿಗೆ ಪಂಥ ಕಟ್ಟಿದವರು ಇವನ್ನು ಒಮ್ಮೆ ಆಡಿ ನೋಡಬೇಕು. ಯಾವುದರಿಂದ ಶುರು ಮಾಡಬೇಕು, ಸಿಕ್ಕಿಕೊಂಡಾಗ ಏನು ಮಾಡಬೇಕು, ಜಯನಗರದ್ದೋ ಬನಶಂಕರಿಯದ್ದೋ ಒಂದು ಕೇಸನ್ನು ತಾವೇ ಆಟವಾಗಿ ಕಟ್ಟುವುದು ಹೇಗೆ ಎಂಬ ವಿವರ ಇಲ್ಲಿದೆ.

ಆಟ ನಡೆಯುವ ಬಗೆ

ಪರದೆಯ ಮೇಲೊಂದು ದೃಶ್ಯ: ಒಂದು ಕೋಣೆ, ಗ್ರಂಥಾಲಯ, ಸ್ಮಶಾನ ಅಥವಾ ಪೊಲೀಸ್ ಠಾಣೆ. ಮೌಸಿನ ಬಾಣವನ್ನು ಮೇಜಿನ ಮೇಲಿಟ್ಟರೆ ‘ಮೇಜು’ ಎಂದು ಬರುತ್ತದೆ, ಡ್ರಾಯರ್ ಮೇಲಿಟ್ಟರೆ ‘ಡ್ರಾಯರ್’. ಕ್ಲಿಕ್ ಮಾಡಿದರೆ ಪಾತ್ರ ಅಲ್ಲಿಗೆ ನಡೆದು ಹೋಗಿ ನೋಡುತ್ತದೆ, ತೆರೆಯುತ್ತದೆ, ಸಿಕ್ಕಿದ್ದನ್ನು ಜೇಬಿಗೆ ಹಾಕಿಕೊಳ್ಳುತ್ತದೆ. ಜನರನ್ನು ಕ್ಲಿಕ್ ಮಾಡಿದರೆ ಮಾತು ಶುರುವಾಗುತ್ತದೆ. ಯಾವ ಪ್ರಶ್ನೆ ಕೇಳಬೇಕೆಂದು ಪಟ್ಟಿಯಿಂದ ಆರಿಸಬೇಕು. ಸಿಕ್ಕ ವಸ್ತುವನ್ನು ಸರಿಯಾದ ಜಾಗದಲ್ಲಿ, ಸಿಕ್ಕ ಮಾಹಿತಿಯನ್ನು ಸರಿಯಾದ ವ್ಯಕ್ತಿಯ ಮುಂದೆ ಬಳಸಿದರೆ ಕಥೆ ಮುಂದಕ್ಕೆ ಹೋಗುತ್ತದೆ. ಬಹುತೇಕ ಆಟಗಳಲ್ಲಿ ಅವಸರವಿಲ್ಲ. ಕಾಫಿ ಮಾಡಿಕೊಂಡು ಬಂದರೂ ದೆವ್ವ ಅಲ್ಲೇ ಕಾದಿರುತ್ತದೆ.

ಈ ಪ್ರಕಾರಕ್ಕೆ ಗಟ್ಟಿ ರೂಪ ಕೊಟ್ಟ ಆಟಗಳಲ್ಲೊಂದು 1987ರ ‘ಮೇನಿಯಾಕ್ ಮ್ಯಾನ್ಷನ್’. ರಾನ್ ಗಿಲ್ಬರ್ಟ್ ಮತ್ತು ಗ್ಯಾರಿ ವಿನ್ನಿಕ್ ಅದನ್ನು ಕಟ್ಟಿದರು. ಅದಕ್ಕೆ ಮುಂಚೆ ಆಟಗಾರ ‘ಬಾಗಿಲು ತೆರೆ’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕಿತ್ತು, ಒಂದಕ್ಷರ ತಪ್ಪಿದರೂ ಆಟಕ್ಕೆ ತಿಳಿಯುತ್ತಿರಲಿಲ್ಲ. ಇಲ್ಲಿ ಕ್ರಿಯಾಪದಗಳೆಲ್ಲ ಪರದೆಯ ಕೆಳಗೆ ಸಿದ್ಧವಾಗಿ ಕೂತಿದ್ದವು. 1990ರ ದಶಕ ಈ ಆಟಗಳ ಸುಗ್ಗಿಯ ಕಾಲ. ಆ ದಶಕದ ಕೊನೆಗೆ ಮೂರು ಆಯಾಮದ ಹೊಡೆದಾಟದ ಆಟಗಳು ಮಾರುಕಟ್ಟೆಯನ್ನು ಆಕ್ರಮಿಸಿಕೊಂಡಾಗ ದೊಡ್ಡ ಕಂಪನಿಗಳು ಇತ್ತ ಬೆನ್ನು ತಿರುಗಿಸಿದವು.

ಆಗ ಪ್ರಕಾರವನ್ನು ಉಳಿಸಿದ್ದು ಹವ್ಯಾಸಿಗಳು. ಬ್ರಿಟನ್ನಿನ ಕ್ರಿಸ್ ಜೋನ್ಸ್ ರೂಪಿಸಿದ ‘ಅಡ್ವೆಂಚರ್ ಗೇಮ್ ಸ್ಟುಡಿಯೊ’ (ಎಜಿಎಸ್) ಎಂಬ ಉಚಿತ ತಂತ್ರಾಂಶ ಒಬ್ಬಂಟಿಯಾಗಿ ಕೂತು ಇಡೀ ಆಟ ಕಟ್ಟುವುದನ್ನು ಸಾಧ್ಯವಾಗಿಸಿತು. ಮುಂದೆ ಹೆಸರಿಸುವ ಸರಣಿಗಳಲ್ಲಿ ಹಲವು ಹುಟ್ಟಿದ್ದು ಅದರಲ್ಲೇ.

ಯಾವುದರಿಂದ ಶುರು ಮಾಡುವುದು?

ಹೊಸಬರಿಗೆ ಸುಲಭದ ಬಾಗಿಲು ‘ದ ಡಾರ್ಕ್‌ಸೈಡ್ ಡಿಟೆಕ್ಟಿವ್’. ಐರ್ಲೆಂಡಿನ ಸ್ಪೂಕಿ ಡೋರ್‌ವೇ ತಂಡ 2017ರಲ್ಲಿ ತಂದ ಆಟ ಇದು. ಮುಂದಿನ ಭಾಗ ‘ಎ ಫಂಬಲ್ ಇನ್ ದ ಡಾರ್ಕ್’ 2021ರಲ್ಲಿ ಬಂತು. ಟ್ವಿನ್ ಲೇಕ್ಸ್ ಎಂಬ ಕಾಲ್ಪನಿಕ ನಗರದಲ್ಲಿ ಪತ್ತೇದಾರ ಮೆಕ್ವೀನ್, ಅವನ ಬೆಪ್ಪು ಸಹಾಯಕ ಡೂಲಿ ಇಬ್ಬರೂ ಸೇರಿ ದೆವ್ವಗಳ ಗ್ರಂಥಾಲಯ, ವಿಚಿತ್ರ ಜಂತುವಿನ ಕೆರೆ ಎಂದು ಕೇಸುಗಳ ಹಿಂದೆ ಓಡಾಡುತ್ತಾರೆ. ಒಂದೊಂದು ಕೇಸೂ ಬಿಡಿಯಾಗಿ ಮುಗಿಯುತ್ತದೆ. ಒಂದು ಸಂಜೆಗೆ ಒಂದು ಕೇಸು ಎಂದು ಲೆಕ್ಕ ಹಾಕಿಕೊಳ್ಳಬಹುದು. ಭಯಕ್ಕಿಂತ ನಗೆ ಜಾಸ್ತಿ, ಹೈಸ್ಕೂಲು ಮಕ್ಕಳ ಜೊತೆ ಕೂತು ಆಡಲು ತಕ್ಕದ್ದು.

ಕೈಯಿಂದ ಕಾಸು ಬಿಚ್ಚದೆ ರುಚಿ ನೋಡುವವರಿಗೆ ‘ಬೆನ್ ಜೋರ್ಡನ್: ಪ್ಯಾರಾನಾರ್ಮಲ್ ಇನ್ವೆಸ್ಟಿಗೇಟರ್’. ಫ್ರಾನ್ಸಿಸ್ಕೊ ಗೊನ್ಸಾಲೆಸ್ 2004ರಿಂದ 2012ರವರೆಗೆ ಎಜಿಎಸ್‌ನಲ್ಲಿ ಕಟ್ಟಿ ಉಚಿತವಾಗಿ ಹಂಚಿದ ಎಂಟು ಕೇಸುಗಳ ಸರಣಿ. ಆಗಷ್ಟೇ ಕಾಲೇಜು ಮುಗಿಸಿದ ಬೆನ್, ಫ್ಲಾರಿಡಾದ ಜೌಗು ಕಾಡಿನಲ್ಲಿ ಅಡ್ಡಾಡುತ್ತದೆ ಎನ್ನಲಾದ ‘ಸ್ಕಂಕ್ ಏಪ್’ ಎಂಬ ವಾನರನನ್ನು ಹುಡುಕುವ ಕೆಲಸದಿಂದ ಶುರು ಮಾಡುತ್ತಾನೆ. ಆಮೇಲೆ ಸ್ಕಾಟ್ಲೆಂಡ್, ಜಪಾನ್, ರೋಮ್ ಎಂದು ಸುತ್ತುತ್ತಾನೆ. ನಾಲ್ಕನೇ ಕೇಸು ಲಂಡನ್ನಿನಲ್ಲಿ ನಿಜಕ್ಕೂ ಇರುವ, ದೆವ್ವದ ಮನೆಯೆಂದು ಹೆಸರಾದ 50, ಬರ್ಕ್ಲಿ ಸ್ಕ್ವೇರ್ ವಿಳಾಸದ್ದು. ಪ್ರತಿ ಊರಿನ ನಿಜವಾದ ದಂತಕಥೆಯನ್ನೇ ಹಿಡಿದು ಕಥೆ ಹೆಣೆಯುವುದು ಈ ಸರಣಿಯ ಜಾಣತನ. ಮೊದಲ ಕೇಸುಗಳ ಚಿತ್ರಗಳು ಒರಟು. ಕೇಸಿನಿಂದ ಕೇಸಿಗೆ ಕರ್ತೃ ಪಳಗುತ್ತ ಹೋದದ್ದು ಕಣ್ಣಿಗೆ ಕಾಣುತ್ತದೆ. ಗೊನ್ಸಾಲೆಸ್ ಮುಂದೆ ಇದನ್ನೇ ವೃತ್ತಿ ಮಾಡಿಕೊಂಡು 2018ರಲ್ಲಿ ‘ಲ್ಯಾಂಪ್‌ಲೈಟ್ ಸಿಟಿ’ ತಂದರು.

ಕಥೆಗಾಗಿ ಆಡುವವರಿಗೆ ‘ಬ್ಲ್ಯಾಕ್‌ವೆಲ್’ ಸರಣಿಯ ಐದು ಕಂತುಗಳು. ಡೇವ್ ಗಿಲ್ಬರ್ಟ್ ಅವರ ವಾಜೆಟ್ ಐ ಗೇಮ್ಸ್ 2006ರಲ್ಲಿ ‘ಲೆಗಸಿ’, 2007ರಲ್ಲಿ ‘ಅನ್‌ಬೌಂಡ್’, 2009ರಲ್ಲಿ ‘ಕನ್ವರ್ಜೆನ್ಸ್’, 2011ರಲ್ಲಿ ‘ಡಿಸೆಪ್ಷನ್’, 2014ರಲ್ಲಿ ‘ಎಪಿಫನಿ’ಯನ್ನು ಹೊರತಂದಿತು. ನ್ಯೂಯಾರ್ಕಿನಲ್ಲಿ ಯಾರ ಸಹವಾಸಕ್ಕೂ ಹೋಗದ ಬರಹಗಾರ್ತಿ ರೋಸಾಂಜೆಲಾ ಬ್ಲ್ಯಾಕ್‌ವೆಲ್‌ಗೆ ಸೋದರತ್ತೆ ತೀರಿಕೊಂಡ ಮೇಲೆ ಬಳುವಳಿಯಾಗಿ ಬರುವುದು ಹ್ಯಾಟು ಟೈ ತೊಟ್ಟ ಒಂದು ಪ್ರೇತ, ಹೆಸರು ಜೋಯಿ ಮಲೋನ್. ತಾವು ಸತ್ತಿದ್ದೇವೆಂದು ತಿಳಿಯದೆ ಅಲೆಯುವ ಆತ್ಮಗಳಿಗೆ ಅದನ್ನು ಮನಗಾಣಿಸಿ ಮುಂದಕ್ಕೆ ಕಳಿಸುವುದು ಇಬ್ಬರ ಕೆಲಸ. ಆ ಆತ್ಮ ಯಾರದು, ಏಕೆ ಸತ್ತಿತು, ಯಾವ ಆಸೆ ಉಳಿದಿದೆ ಎಂದು ಪತ್ತೆ ಮಾಡಿದರೆ ಮಾತ್ರ ಅದು ಸಾಧ್ಯ. ಸತ್ತವರ ಉಳಿದ ಆಸೆಗೆ ಕಾಗೆ ಪಿಂಡ ಮುಟ್ಟಲಿಲ್ಲವೆಂದು ಚಿಂತಿಸುವ ನಮ್ಮವರಿಗೆ ಈ ಕಥಾಸೂತ್ರ ಅಪರಿಚಿತವೇನಲ್ಲ. ಆತ್ಮಹತ್ಯೆಯ ಪ್ರಸಂಗಗಳು ಇರುವುದರಿಂದ ಇದು ದೊಡ್ಡವರ ಸರಣಿ, ಮಕ್ಕಳಿಗೆ ಬೇಡ.

ಜೋಯಿಯ ಮಿತಿಗಳೇ ಈ ಆಟದ ಒಗಟುಗಳ ಮೂಲ. ಅವನು ಗೋಡೆ ತೂರಿ ಹೋಗಬಲ್ಲ, ಆದರೆ ಏನನ್ನೂ ಮುಟ್ಟಲಾರ. ಹೆಚ್ಚೆಂದರೆ ಉಫ್ ಎಂದು ಕಾಗದ ಅಲುಗಿಸಬಲ್ಲ. ರೋಸಾ ಮುಟ್ಟಬಲ್ಲಳು, ಬೀಗ ಹಾಕಿದ ಬಾಗಿಲು ದಾಟಲಾರಳು. ಒಬ್ಬರ ಕೊರತೆಯನ್ನು ಇನ್ನೊಬ್ಬರಿಂದ ತುಂಬಿಸುತ್ತ ಹೋಗಬೇಕು.

‘ಕ್ಯಾಥಿ ರೇನ್’ ಆಡಲು ನಿಧಾನ, ಮನಸ್ಸಿನಲ್ಲಿ ಉಳಿಯುವಂಥದ್ದು. ಸ್ವೀಡನ್ನಿನ ಕ್ಲಿಫ್‌ಟಾಪ್ ಗೇಮ್ಸ್ 2016ರಲ್ಲಿ ತಂದ ಈ ಆಟದ ನಾಯಕಿ 1995ರ ಕಾಲದ ಪತ್ರಿಕೋದ್ಯಮ ವಿದ್ಯಾರ್ಥಿನಿ. ತಾತನ ಅಂತ್ಯಕ್ರಿಯೆಗೆಂದು ಬೈಕೇರಿ ಹುಟ್ಟೂರಿಗೆ ಬಂದವಳಿಗೆ, 1981ರ ಒಂದು ರಾತ್ರಿ ತಾತನಿಗೆ ಏನಾಯಿತು, ಅಲ್ಲಿಂದಾಚೆ ಅವರು ಮಾತಿಲ್ಲದೆ ಗಾಲಿಕುರ್ಚಿ ಹಿಡಿದದ್ದೇಕೆ ಎಂಬ ಪ್ರಶ್ನೆ ಕಾಡುತ್ತದೆ. ಧ್ವನಿಮುದ್ರಣದ ತುಂಡುಗಳನ್ನು ಕತ್ತರಿಸಿ ಜೋಡಿಸಿ ಹೊಸ ವಾಕ್ಯ ಕಟ್ಟುವ ಒಗಟೊಂದು ಇದರಲ್ಲಿದೆ, ಇಡೀ ಪ್ರಕಾರದಲ್ಲೇ ಸೊಗಸಾದವುಗಳ ಸಾಲಿಗೆ ಸೇರುವಂಥದ್ದು. ಎರಡನೇ ಭಾಗ ‘ಸೂತ್‌ಸೇಯರ್’ 2025ರಲ್ಲಿ ಬಂದಿದೆ.

ಹೆದರಲೆಂದೇ ಆಡುವವರಿಗೆ ಸ್ಪೇನಿನ ‘ದ ಲಾಸ್ಟ್ ಡೋರ್’ ಇದೆ. 1891ರ ಬ್ರಿಟನ್ನಿನಲ್ಲಿ ನಡೆಯುವ ಈ ಕಥೆಯಲ್ಲಿ ಪಾತ್ರಗಳಿಗೆ ಮುಖವೇ ಕಾಣದಷ್ಟು ದಪ್ಪ ಚುಕ್ಕೆಗಳ ಚಿತ್ರ. ಭಯ ಹುಟ್ಟಿಸುವುದೆಲ್ಲ ಸಂಗೀತ ಮತ್ತು ಸದ್ದು. ಹೆಡ್‌ಫೋನ್ ಹಾಕಿಕೊಂಡೇ ಆಡಬೇಕು.

ಈ ಪರಂಪರೆಯ ಹಿರಿಯಣ್ಣ ‘ಗೇಬ್ರಿಯಲ್ ನೈಟ್’. ಜೇನ್ ಜೆನ್ಸನ್ ಬರೆದ ಮೂರು ಆಟಗಳನ್ನು ಸಿಯೆರಾ ಕಂಪನಿ 1993, 1995 ಮತ್ತು 1999ರಲ್ಲಿ ಹೊರತಂದಿತು. ನ್ಯೂ ಆರ್ಲಿಯನ್ಸಿನಲ್ಲಿ ಹಳೇ ಪುಸ್ತಕದ ಅಂಗಡಿ ಇಟ್ಟುಕೊಂಡ ಸೋಮಾರಿ ಲೇಖಕನೊಬ್ಬ ವೂಡೂ ಕೊಲೆಗಳ ಜಾಡು ಹಿಡಿಯುತ್ತಾನೆ. ಅಂಗಡಿಯ ಸಹಾಯಕಿ ಗ್ರೇಸ್ ನಾಕಿಮುರ ಅವನಿಗಿಂತ ಚುರುಕು. ಎರಡನೆಯದು ಜರ್ಮನಿಯ ಬವೇರಿಯಾದಲ್ಲಿ, ರಾಜ ಎರಡನೇ ಲುಡ್ವಿಗ್‌ನ ಸುತ್ತ ಹೆಣೆದ ತೋಳಮಾನವನ ಕಥೆ. ನಟರನ್ನೇ ಚಿತ್ರೀಕರಿಸಿದ್ದರಿಂದ ಆರು ಸಿ.ಡಿ. ತುಂಬಿತ್ತು. ಮೊದಲ ಆಟದ ನವೀಕೃತ ಆವೃತ್ತಿ 2014ರಲ್ಲಿ ಬಂದಿದೆ, ಹೊಸಬರು ಅದನ್ನೇ ಆಡುವುದು ಲೇಸು. ರಕ್ತ, ಹಿಂಸೆ ಇರುವುದರಿಂದ ಇದೂ ವಯಸ್ಕರದ್ದೇ.

ಕೊಳ್ಳುವ ಮುನ್ನ

ಹೊಸ ಕಂಪ್ಯೂಟರ್ ಬೇಕಿಲ್ಲ. ಮೇಲಿನ ಆಟಗಳಲ್ಲಿ ಹೆಚ್ಚಿನವು ಗ್ರಾಫಿಕ್ಸ್ ಕಾರ್ಡ್ ಇಲ್ಲದ, ಆಫೀಸು ಕೆಲಸಕ್ಕೆ ಕೊಂಡ ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತವೆ. ಟಚ್‌ಪ್ಯಾಡಿನಲ್ಲಿ ಬೆರಳು ಸವೆಸುವ ಬದಲು ಒಂದು ಮೌಸ್ ಜೋಡಿಸಿಕೊಂಡರೆ ಸಾಕು.

ಸ್ಟೀಮ್ ಎಂಬ ಆಟಗಳ ಅಂಗಡಿ ಭಾರತದಲ್ಲಿ ರೂಪಾಯಿಯಲ್ಲೇ ಬೆಲೆ ತೋರಿಸುತ್ತದೆ, ಯುಪಿಐ ಮೂಲಕವೂ ಹಣ ಕಟ್ಟಬಹುದು. ಕೊಂಡು ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳುವ ಅವಕಾಶವಿದೆ. ಆಟ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಓಡುತ್ತದೆಯೇ ಎಂದು ಮೊದಲ ಅರ್ಧ ಗಂಟೆಯಲ್ಲೇ ಪರೀಕ್ಷಿಸಿಕೊಳ್ಳಿ. ವರ್ಷದಲ್ಲಿ ಹಲವು ಬಾರಿ ರಿಯಾಯಿತಿ ಮಾರಾಟ ನಡೆಯುತ್ತದೆ, ಹಳೆಯ ಆಟಗಳ ಬೆಲೆ ಆಗ ಚೆನ್ನಾಗಿ ಇಳಿಯುತ್ತದೆ. ಬ್ಲ್ಯಾಕ್‌ವೆಲ್‌ನ ಮೊದಲ ನಾಲ್ಕು ಕಂತು ಒಂದೇ ಕಟ್ಟಾಗಿ ಸಿಗುವುದರಿಂದ ಬಿಡಿಯಾಗಿ ಕೊಳ್ಳಬೇಡಿ. ಗಾಗ್ ಎಂಬ ಇನ್ನೊಂದು ಅಂಗಡಿಯಲ್ಲಿ ಕೊಂಡ ಆಟವನ್ನು ಇಂಟರ್ನೆಟ್ ಇಲ್ಲದೆಯೂ ಎಷ್ಟು ಸಲ ಬೇಕಾದರೂ ಸ್ಥಾಪಿಸಿಕೊಳ್ಳಬಹುದು.

ಅಟ್ಟದ ಪೆಟ್ಟಿಗೆಯಲ್ಲಿ ಹಳೇ ಆಟದ ಸಿ.ಡಿ. ಸಿಕ್ಕಿದರೆ ಎಸೆಯಬೇಡಿ. 2001ರಲ್ಲಿ ಶುರುವಾದ ‘ಸ್ಕಮ್‌ವಿಎಂ’ ಎಂಬ ಉಚಿತ ತಂತ್ರಾಂಶ ಅಂಥ ನೂರಾರು ಆಟಗಳನ್ನು ಇಂದಿನ ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಫೋನುಗಳಲ್ಲಿ ಮತ್ತೆ ಓಡಿಸುತ್ತದೆ. ಮೂಲ ಆಟದ ಫೈಲುಗಳು ಕೈಯಲ್ಲಿರಬೇಕು, ಅಷ್ಟೆ.

ಈ ಸರಣಿಗಳನ್ನೆಲ್ಲ ಇಂಗ್ಲಿಷಿನಲ್ಲೇ ಆಡಬೇಕು. ಆದರೆ ಹೆಚ್ಚಿನವುಗಳಲ್ಲಿ ಮಾತು ಅಕ್ಷರದಲ್ಲೂ ಮೂಡುತ್ತದೆ, ಓದಿ ಮುಗಿಸುವ ತನಕ ನಿಲ್ಲುವಂತೆಯೂ ಹಲವು ಆಟಗಳಲ್ಲಿ ಹೊಂದಿಸಬಹುದು. ಇಂಗ್ಲಿಷ್ ಓದು ಸುಧಾರಿಸಬೇಕೆನ್ನುವ ಹುಡುಗರಿಗೆ ಇದು ವ್ಯಾಕರಣ ಪುಸ್ತಕಕ್ಕಿಂತ ರುಚಿಯಾದ ದಾರಿ.

ಸಿಕ್ಕಿಕೊಂಡಾಗ

ಸಿಕ್ಕಿಕೊಳ್ಳುವುದು ಖಚಿತ. ಆಗ ಮೊದಲು ಮಾಡಬೇಕಾದದ್ದು ಪರದೆಯ ಮೇಲಿರುವ ಪ್ರತಿ ವಸ್ತುವನ್ನೂ ‘ನೋಡು’ವುದು. ಬಹಳ ಜನ ಕೈಗೆ ಸಿಗುವುದನ್ನು ಎತ್ತಿಕೊಳ್ಳುತ್ತಾರೆಯೇ ಹೊರತು ವಿವರಣೆ ಓದುವುದಿಲ್ಲ. ಸುಳಿವು ಇರುವುದು ಅಲ್ಲೇ. ಕೆಲವು ಆಟಗಳಲ್ಲಿ ಒಂದು ಕೀಲಿ ಒತ್ತಿದರೆ ಕ್ಲಿಕ್ ಮಾಡಬಹುದಾದ ಜಾಗಗಳೆಲ್ಲ ಮಿನುಗುತ್ತವೆ, ಸೆಟ್ಟಿಂಗ್ಸ್‌ನಲ್ಲಿ ಹುಡುಕಿ.

ಎರಡನೆಯದಾಗಿ, ಹೊಸ ಸಂಗತಿ ತಿಳಿದಾಗಲೆಲ್ಲ ಹಳಬರನ್ನು ಮತ್ತೆ ಮಾತಾಡಿಸಿ. ಮೊದಲ ಸಲ ಬಾಯಿ ಬಿಡದವರು ಒಂದು ಹೆಸರು ಕಿವಿಗೆ ಬಿದ್ದೊಡನೆ ಬಿಚ್ಚಿಕೊಳ್ಳುತ್ತಾರೆ. ‘ಬ್ಲ್ಯಾಕ್‌ವೆಲ್ ಲೆಗಸಿ’ಯಲ್ಲಿ ರೋಸಾಳ ನೋಟ್‌ಬುಕ್ಕಿನ ಎರಡು ಸುಳಿವುಗಳನ್ನು ಕೂಡಿಸಿದರೆ ಹೊಸ ಪ್ರಶ್ನೆಯೊಂದು ಹುಟ್ಟುತ್ತದೆ. ಆಟದಲ್ಲಿ ನೋಟ್‌ಬುಕ್ ಇರಲಿ, ಬಿಡಲಿ, ಪಕ್ಕದಲ್ಲಿ ಒಂದು ಕಾಗದ ಇಟ್ಟುಕೊಳ್ಳಿ: ಯಾರು, ಎಲ್ಲಿ, ಯಾವಾಗ, ಯಾರ ಮಾತಿಗೆ ಯಾರ ಮಾತು ವಿರುದ್ಧ.

ಮೂರನೆಯದು, ಜನರ ಸ್ವಭಾವವನ್ನೇ ಉಪಕರಣ ಮಾಡಿಕೊಳ್ಳುವುದು. ಮೊದಲ ಗೇಬ್ರಿಯಲ್ ನೈಟ್‌ನಲ್ಲಿ ಪೊಲೀಸನ ವೈರ್‌ಲೆಸ್ ಮಾತು ಕೇಳಿಸಿಕೊಳ್ಳಬೇಕು, ಅವನು ಬೈಕು ಬಿಟ್ಟು ಕದಲುವುದಿಲ್ಲ. ಅದೇ ಚೌಕದಲ್ಲಿ ದಾರಿಹೋಕರ ಬೆನ್ನು ಹತ್ತಿ ಅಣಕಿಸುವ ಮೂಕಾಭಿನಯದವನೊಬ್ಬ ಇದ್ದಾನೆ. ಅವನನ್ನು ಹಿಂದೆ ಕರೆದುಕೊಂಡು ಹೋಗಿ ಪೊಲೀಸನಿಗೆ ಗಂಟು ಹಾಕಿದರೆ ಕೆಲಸ ಆಯಿತು. ಬೇಕಾದದ್ದೆಲ್ಲ ಕಣ್ಣೆದುರೇ ಇರುವ, ಹೊಳೆದಾಗ ಖುಷಿ ಕೊಡುವ ಒಗಟು ಅಂದರೆ ಇದು.

ಅದೇ ಸರಣಿಯ ಮೂರನೇ ಆಟದಲ್ಲಿ ಕುಖ್ಯಾತವಾದ ಇನ್ನೊಂದು ಒಗಟಿದೆ. ಬಾಡಿಗೆ ಬೈಕು ಪಡೆಯಲು ಗೇಬ್ರಿಯಲ್ ತನ್ನ ಗೆಳೆಯನ ವೇಷ ಹಾಕಬೇಕು. ಅದಕ್ಕೆ ಬೆಕ್ಕಿನ ಕೂದಲನ್ನು ಟೇಪಿಗೆ ಅಂಟಿಸಿಕೊಂಡು, ಸಿಹಿ ಪಾಕ ಬಳಿದು ಮೀಸೆ ಮಾಡಿಕೊಳ್ಳಬೇಕು. ಗೆಳೆಯನಿಗೋ ಮೀಸೆಯೇ ಇಲ್ಲ! ಆದ್ದರಿಂದ ಅವನ ಪಾಸ್‌ಪೋರ್ಟಿನ ಚಿತ್ರಕ್ಕೂ ಪೆನ್ನಿನಲ್ಲಿ ಮೀಸೆ ಬಿಡಿಸಬೇಕು. ಇಂಥದ್ದು ತಲೆಗೆ ಹೊಳೆಯದಿದ್ದರೆ ತಪ್ಪು ಆಟಗಾರನದಲ್ಲ, ಆಟ ಕಟ್ಟಿದವರದು. ಅರ್ಧ ಗಂಟೆ ಒದ್ದಾಡಿಯೂ ದಾರಿ ಕಾಣದಿದ್ದರೆ ಸಂಕೋಚವಿಲ್ಲದೆ ಸಹಾಯ ತೆಗೆದುಕೊಳ್ಳಿ. ಪೂರ್ತಿ ಉತ್ತರ ಹೇಳಿಬಿಡುವ ವಿಡಿಯೊಗಳಿಗಿಂತ, 1988ರಿಂದ ಇರುವ ‘ಯೂನಿವರ್ಸಲ್ ಹಿಂಟ್ ಸಿಸ್ಟಂ’ ಉತ್ತಮ. ಅದು ಮೊದಲು ಒಂದು ಸಣ್ಣ ಸುಳಿವು, ಸಾಲದಿದ್ದರೆ ಇನ್ನೊಂದು, ಕೊನೆಗೆ ಉತ್ತರ ಎಂದು ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತದೆ.

ಹಳೇ ಆಟಗಳಲ್ಲಿ ನಾಯಕ ಸಾಯುವುದುಂಟು. ಹೊಸ ಜಾಗಕ್ಕೆ ಕಾಲಿಡುವ ಮುನ್ನ ಸೇವ್ ಮಾಡಿ, ಹಳೆಯ ಸೇವ್ ಅಳಿಸದೆ ಬೇರೆ ಹೆಸರಿನಲ್ಲಿ ಇಡಿ.

ಬಸವನಗುಡಿಯಿಂದ ಹೊರಟ ತನಿಖೆ

ದಕ್ಷಿಣ ಬೆಂಗಳೂರಿಗೆ ಅತಿಮಾನುಷ ಕೇಸುಗಳ ನಿಜವಾದ ತನಿಖೆಯ ಇತಿಹಾಸವೂ ಇದೆ. ಬಸವನಗುಡಿಯ ನ್ಯಾಷನಲ್ ಕಾಲೇಜಿನ ಡಾ. ಎಚ್. ನರಸಿಂಹಯ್ಯ 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಮತ್ತು ಪರೀಕ್ಷಿಸಲು ಸಾಧ್ಯವಿರುವ ಮೂಢನಂಬಿಕೆಗಳನ್ನು ತನಿಖೆ ಮಾಡಲು ಅವರು ಸಮಿತಿಯೊಂದನ್ನು ರಚಿಸಿದರು. ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ಪತ್ರ ಬರೆದು ಪರೀಕ್ಷೆಗೆ ಆಹ್ವಾನಿಸಿದ್ದು ದೇಶದಾದ್ಯಂತ ಸುದ್ದಿಯಾಯಿತು. ಆ ಆಹ್ವಾನಕ್ಕೆ ಒಪ್ಪಿಗೆ ಸಿಗಲಿಲ್ಲ. ಪಾಂಡವಪುರದಲ್ಲಿ ವಿಭೂತಿ ಸೃಷ್ಟಿಸುತ್ತಾನೆಂದು ಹೆಸರಾಗಿದ್ದ ಬಾಲಕನ ಕೇಸಿನಲ್ಲಿ, ವಿಭೂತಿ ಬಟ್ಟೆಯೊಳಗೆ ಅಡಗಿತ್ತೆಂದು ಸಮಿತಿ ಪತ್ತೆ ಮಾಡಿತು.

ಆಟ ಆಡುವವರಿಗೂ ಕಟ್ಟುವವರಿಗೂ ಈ ಪ್ರಸಂಗದಲ್ಲಿ ಪಾಠವಿದೆ. ‘ಪರೀಕ್ಷಿಸಲು ಸಾಧ್ಯವಿರುವ’ ಎಂದು ಸಮಿತಿ ಮೊದಲೇ ಗೆರೆ ಎಳೆದುಕೊಂಡಿತ್ತು. ದೇವರಿದ್ದಾನೆಯೇ ಎಂಬ ಪ್ರಶ್ನೆ ಅದರದ್ದಲ್ಲ, ಈ ಕೈಯಲ್ಲಿ ಈ ಬೂದಿ ಎಲ್ಲಿಂದ ಬಂತು ಎಂಬುದಷ್ಟೇ ಅದರ ಪ್ರಶ್ನೆ. ಒಳ್ಳೆಯ ಆಟದ ಒಳ್ಳೆಯ ಕೇಸೂ ಹೀಗೆಯೇ ಕೈಗೆ ಸಿಗುವ ಸಣ್ಣ ಪ್ರಶ್ನೆಯಿಂದ ಶುರುವಾಗುತ್ತದೆ.

ನಿಮ್ಮ ಬೀದಿಯ ಕೇಸನ್ನು ಆಟವಾಗಿ ಕಟ್ಟುವುದು

‘ಬೆನ್ ಜೋರ್ಡನ್’ ಬಹುಮಟ್ಟಿಗೆ ಗೊನ್ಸಾಲೆಸ್ ಒಬ್ಬರೇ ಕಟ್ಟಿದ ಸರಣಿ ಎಂಬುದನ್ನು ನೆನಪಿಟ್ಟುಕೊಂಡರೆ ಧೈರ್ಯ ಬರುತ್ತದೆ. ಮೊದಲ ಆಟಕ್ಕೆ ಮೂರು ದೃಶ್ಯ, ನಾಲ್ಕು ಪಾತ್ರ, ಒಂದು ಕೇಸು ಸಾಕು. ವಿಷಯಕ್ಕೆ ದೂರ ಹೋಗಬೇಕಿಲ್ಲ. ಜಯನಗರ 9ನೇ ಬ್ಲಾಕಿನ ರಾಗಿಗುಡ್ಡದಲ್ಲಿ ರಾಗಿಯ ರಾಶಿಯೇ ಕಲ್ಲಾಯಿತೆಂಬ ಐತಿಹ್ಯವಿದೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮಾರ್ಗದ ಮೆಟ್ರೊ ಅದೇ ರಾಗಿಗುಡ್ಡ, ಬಿಟಿಎಂ ಲೇಔಟ್ ಹಾದು ಹೋಗುತ್ತದೆ. ಚಾಲಕನಿಲ್ಲದೆಯೂ ಓಡಬಲ್ಲ ರೈಲು ಅದು. ಕೊನೆಯ ರೈಲಿನ ಚಾಲಕನ ಜಾಗದಲ್ಲಿ ಯಾರೋ ಕೂತಿದ್ದರು ಎಂಬ ಒಂದು ಸಾಲಿನಿಂದ ಕಥೆ ಹೊರಡಬಹುದು.

ಒಗಟುಗಳೂ ಇಲ್ಲಿನವೇ ಇರಲಿ. ಹರಿದ ಚೀಟಿಯೊಂದರಲ್ಲಿ ‘7ನೇ ಕ್ರಾಸ್, 3ನೇ ಮೇನ್, 2ನೇ’ ಎಂದಷ್ಟೇ ಉಳಿದಿದೆ ಎಂದಿಟ್ಟುಕೊಳ್ಳಿ. ಮುಂದಿನ ಪದ ‘ಬ್ಲಾಕ್’ ಆಗಿದ್ದರೆ ಜಯನಗರ, ‘ಫೇಸ್’ ಆಗಿದ್ದರೆ ಜೆ.ಪಿ. ನಗರ, ‘ಸ್ಟೇಜ್’ ಆಗಿದ್ದರೆ ಬನಶಂಕರಿಯೋ ಬಿಟಿಎಂ ಲೇಔಟೋ. ಈ ಭಾಗದಲ್ಲಿ ಮನೆ ಹುಡುಕಿದ ಯಾರಿಗೂ ಒಗಟನ್ನು ವಿವರಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಾದರಿ, ಸಂಭಾಷಣೆಯದು. ಪತ್ತೇದಾರಿಕೆಗೆ ಹೊರಟ ಹುಡುಗ ಪಕ್ಕದ ಮನೆಯ ಹಿರಿಯಾಕೆಯನ್ನು ಮಾತಾಡಿಸುತ್ತಾನೆ:

‘ಅಜ್ಜಿ, ಬಾಗಿಲು ತಟ್ಟಿದ್ದು ನಿಮಗೆ ಯಾವಾಗ ಕೇಳಿಸ್ತು?’

‘ಮಂಗಳವಾರ ಕಣಪ್ಪಾ, ಮಧ್ಯಾಹ್ನ ಹನ್ನೆರಡೂವರೆ. ಆಗಷ್ಟೇ ಬನಶಂಕರಿ ದೇವಸ್ಥಾನದಲ್ಲಿ ರಾಹುಕಾಲದ ನಿಂಬೆಹಣ್ಣಿನ ದೀಪ ಹಚ್ಚಿ ಮನೆಗೆ ಬಂದಿದ್ದೆ.’

ಗೋಡೆಯ ಮೇಲೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ತೂಗುತ್ತಿದೆ. ಆಟಗಾರ ಅದನ್ನು ಕ್ಲಿಕ್ ಮಾಡಿದರೆ ಮಂಗಳವಾರದ ರಾಹುಕಾಲ ಮಧ್ಯಾಹ್ನ 3ರಿಂದ 4.30, ಶುಕ್ರವಾರದ್ದು ಬೆಳಗ್ಗೆ 10.30ರಿಂದ 12 ಎಂದು ಕಾಣುತ್ತದೆ. ಮಂಗಳವಾರವಾದರೆ ಹನ್ನೆರಡೂವರೆಗೆ ಅಜ್ಜಿ ದೀಪ ಹಚ್ಚಿ ಬಂದಿರಲು ಸಾಧ್ಯವಿಲ್ಲ. ಅಜ್ಜಿಗೆ ದಿನ ಮರೆತಿದೆ, ನಡೆದದ್ದು ಶುಕ್ರವಾರ. ಹಾಗಾದರೆ ಮಂಗಳವಾರ ಊರಲ್ಲಿರಲಿಲ್ಲವೆಂದು ಕೇಸಿನಿಂದ ಜಾರಿಕೊಂಡ ಮಹಡಿಮನೆಯ ಬಾಡಿಗೆದಾರನನ್ನು ಮತ್ತೆ ವಿಚಾರಿಸಬೇಕು.

ಉಪಕರಣಗಳ ಆಯ್ಕೆಯಲ್ಲಿ ಕನ್ನಡಕ್ಕೊಂದು ವಿಶೇಷ ಎಚ್ಚರ ಬೇಕು. ನಮ್ಮ ಒತ್ತಕ್ಷರ, ಗುಣಿತಾಕ್ಷರಗಳನ್ನು ಜೋಡಿಸಲು ಬರದ ಗೇಮ್ ಎಂಜಿನ್‌ಗಳಲ್ಲಿ ಅಕ್ಷರ ಒಡೆದು ಕಾಣುತ್ತದೆ. ಮೊದಲ ಪ್ರಯೋಗಕ್ಕೆ ಟ್ವೈನ್ ಒಳ್ಳೆಯದು. ಉಚಿತ, ಪ್ರೋಗ್ರಾಮಿಂಗ್ ಬೇಕಿಲ್ಲ, ಬ್ರೌಸರಿನಲ್ಲೇ ಓಡುವುದರಿಂದ ಕನ್ನಡ ಸರಿಯಾಗಿ ಮೂಡುತ್ತದೆ; ಸಂಭಾಷಣೆ, ಸುಳಿವಿನ ಜಾಲವನ್ನು ಅದರಲ್ಲೇ ಪರೀಕ್ಷಿಸಬಹುದು. ಚಿತ್ರ, ನಡೆದಾಡುವ ಪಾತ್ರ ಬೇಕೆಂದಾಗ ಗೊಡೋ ಎಂಜಿನ್‌ಗೆ ಬನ್ನಿ. ಅದರ 4ನೇ ಆವೃತ್ತಿ ಭಾರತೀಯ ಲಿಪಿಗಳ ಜೋಡಣೆಯನ್ನು ಬಲ್ಲದು, ಪಾಯಿಂಟ್ ಅಂಡ್ ಕ್ಲಿಕ್ ಆಟಗಳಿಗೆಂದೇ ‘ಪೊಪೊಚಿಯು’ ಎಂಬ ಉಚಿತ ಜೋಡಣೆಯೂ ಇದೆ. ಎಜಿಎಸ್ ಕಲಿಯಲು ಸುಲಭ, ಆದರೆ ಕನ್ನಡ ಪಠ್ಯವನ್ನು ಚಿತ್ರವಾಗಿ ಅಂಟಿಸುವ ತಾಪತ್ರಯ ಬರಬಹುದು. ಫಾಂಟುಗಳಿಗೆ ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ, ನವಿಲು ಇವೆ. ಮೂರೂ ಮುಕ್ತ ಪರವಾನಗಿಯವು.

ಕೆಲವು ಕಟ್ಟುಪಾಡುಗಳನ್ನು ಮೊದಲೇ ಹಾಕಿಕೊಳ್ಳಿ. ನಿಜವಾದ ಮನೆಯನ್ನು ದೆವ್ವದ ಮನೆಯೆಂದು ತೋರಿಸಬೇಡಿ. ವದಂತಿ ಹಬ್ಬಿದರೆ ಅನುಭವಿಸುವವರು ಅಲ್ಲಿ ವಾಸಿಸುವವರು. ಬಡಾವಣೆಯ ಹೆಸರು ನಿಜವಿರಲಿ, ಮನೆ ಕಾಲ್ಪನಿಕವಿರಲಿ. ಇತ್ತೀಚಿನ ಸಾವು, ಅಪರಾಧಗಳನ್ನು ಕಥೆಗೆ ಎಳೆಯಬೇಡಿ. ದೇವಸ್ಥಾನವನ್ನೋ ಅಂಗಡಿಯನ್ನೋ ಚಿತ್ರ ತೆಗೆಯುವ ಮುನ್ನ ಕೇಳಿ. ಧ್ವನಿ ಕೊಡಲು ನಾಟಕ ಬಲ್ಲ ಗೆಳೆಯರನ್ನು ಹಿಡಿಯಿರಿ, ಜೆ.ಪಿ. ನಗರದಲ್ಲಿ 2004ರಿಂದ ರಂಗಶಂಕರ ನಡೆಯುತ್ತಿರುವ ಈ ಭಾಗದಲ್ಲಿ ಅಂಥವರಿಗೆ ಬರವಿಲ್ಲ.

ಹವ್ಯಾಸ ವೃತ್ತಿಯಾಗುವ ಹಂತ ಬಂದರೆ ಊರಿನಲ್ಲಿ ನೆಲೆಯಿದೆ. ದೇಶದ ಮೊದಮೊದಲ ಗೇಮ್ ಕಂಪನಿಗಳಲ್ಲಿ ಒಂದಾದ ಧ್ರುವ ಇಂಟರಾಕ್ಟಿವ್ 1997ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆಂದೇ 2012ರಲ್ಲಿ ನೀತಿ ತಂದ ಕರ್ನಾಟಕ ಈಗ 2024ರಿಂದ 2029ರವರೆಗಿನ ಹೊಸ ನೀತಿ ಜಾರಿಗೊಳಿಸಿದೆ. ಇಲ್ಲಿನ ಅನಿಮೇಷನ್ ಉದ್ಯಮಗಳ ಸಂಘ ‘ಅಬಾಯ್’ ನಡೆಸುವ ಗ್ಯಾಫೆಕ್ಸ್ ಸಮಾವೇಶದಲ್ಲಿ ವೃತ್ತಿಪರರನ್ನು ನೇರ ಭೇಟಿಯಾಗಬಹುದು.

ಅವಸರವಿಲ್ಲದೆ ತೂಗಿ ಹೇಳುವುದಾದರೆ: ಮಕ್ಕಳೊಂದಿಗೆ ಆಡುವವರು ಡಾರ್ಕ್‌ಸೈಡ್ ಡಿಟೆಕ್ಟಿವ್, ಒಬ್ಬರೇ ರಾತ್ರಿ ಕೂರುವವರು ಬ್ಲ್ಯಾಕ್‌ವೆಲ್, ಮುಂದೆ ಆಟ ಕಟ್ಟುವ ಯೋಚನೆ ಇರುವವರು ಬೆನ್ ಜೋರ್ಡನ್‌ನ ಎಂಟೂ ಕೇಸುಗಳನ್ನು ಕ್ರಮವಾಗಿ ಆಡಲಿ. ಗೇಬ್ರಿಯಲ್ ನೈಟ್ ಇವೆಲ್ಲ ಮುಗಿದ ಮೇಲೆ ಇರಲಿ. ಕನ್ನಡದಲ್ಲಿ ಒಂದು ಕೇಸು ಕಟ್ಟಿ ಮುಗಿಸಿದವರು ಅದನ್ನು ಇಚ್.ಐಓ ತಾಣದಲ್ಲಿ ಉಚಿತವಾಗಿ ಪ್ರಕಟಿಸಬಹುದು. ಅಲ್ಲಿ ಆಟ ಏರಿಸಲು ಶುಲ್ಕವಿಲ್ಲ, ಬೆಲೆ ಇಡುವುದೂ ಬಿಡುವುದೂ ಕಟ್ಟಿದವರ ಇಷ್ಟ.